ಏಳು ಚಮಚ

ಇನ್ನು ಏಳು ಚಮಚ ಇರಬಹುದು. ತೀರಾ ಬಸಿದರೆ ಎಂಟು.

ಸಂಧ್ಯಾರಾಣಿ ಕಂದು ಬಾಟಲಿಯನ್ನು ಅಡುಗೆಮನೆಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಮೇಲೆ ದಪ್ಪ ಅಕ್ಷರದಲ್ಲಿ ದ್ರಾಕ್ಷಾಸವ ಎಂದಿತ್ತು. ಊಟಕ್ಕೆ ಮುಂಚೆ ಎರಡು ಚಮಚ ಎಂದೂ ಇತ್ತು. ಒಳಗಿದ್ದದ್ದು ಮಾತ್ರ ಲೆಬನಾನ್ ದೇಶದ ಕೆಂಪು ವೈನು. ಬೆಕಾ ಕಣಿವೆಯ ದ್ರಾಕ್ಷಿ, ಎರಡು ಸಾವಿರದ ಒಂಬತ್ತನೇ ಇಸವಿಯ ಕೊಯ್ಲು. ಚನ್ನಗಿರಿಯ ಒಂದು ಲಿಂಗವಂತರ ಮನೆಯ ಫ್ರಿಜ್ಜಿನ ಬಾಗಿಲಲ್ಲಿ, ನಿಂಬೆಹಣ್ಣಿಗೂ ಕಣ್ಣಿನ ಡ್ರಾಪ್ಸಿಗೂ ನಡುವೆ, ಅದು ಇಷ್ಟು ದಿನ ತಣ್ಣಗೆ ನಿಂತಿತ್ತು.

"ಸಂಧ್ಯಾ, ಹನ್ನೆರಡಾತೇನು?" ಒಳಕೋಣೆಯಿಂದ ಅತ್ತೆ ಕಲ್ಲಮ್ಮ ಕೇಳಿದಳು.

"ಇನ್ನೂ ಹನ್ನೊಂದೂವರೆ, ಅತ್ತೆ."

"ಗಡಿಯಾರ ನಿಂತೈತೇನು ನೋಡು."

ಗಡಿಯಾರ ನಿಂತಿರಲಿಲ್ಲ. ಹನ್ನೆರಡಕ್ಕೆ ಔಷಧಿ, ಔಷಧಿಯಾದ ಮೇಲೆ ಊಟ. ಒಂದು ತಿಂಗಳ ಹಿಂದೆ ಊಟದ ತಟ್ಟೆ ಕಂಡರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ ಕಲ್ಲಮ್ಮ ಈಗ ಹನ್ನೊಂದಕ್ಕೇ ಊಟದ ದಾರಿ ನೋಡುತ್ತಾಳೆ.

ಸಂಧ್ಯಾರಾಣಿ ಮನಸ್ಸಿನಲ್ಲೇ ಹಂಚಿದಳು. ಈಗ ಎರಡು ಅತ್ತೆಗೆ. ಸಂಜೆ ಎರಡು ಅತ್ತೆಗೆ. ಮಿಕ್ಕ ಮೂರು ತನಗೆ, ಮೂರು ಗಂಟೆಗೆ, ಮನೆ ಮಲಗಿದಾಗ. ನಾಳೆಯ ಮಾತು ನಾಳೆಗೆ. ಹಂಚಿದ ಮೇಲೆ ನಾಚಿಕೆಯಾಯಿತು. ಕಾಯಿಲೆಯವಳ ಬಾಯಿಂದ ಮೂರು ಚಮಚ ಕಿತ್ತುಕೊಳ್ಳುವ ಸೊಸೆ. ಆದರೂ ಹಂಚಿಕೆ ಬದಲಾಯಿಸಲಿಲ್ಲ. ಬಾಟಲಿಯನ್ನು ಒಳಗಿಟ್ಟು ರೊಟ್ಟಿಗೆ ಎಸರಿಟ್ಟಳು.

ಬಾಟಲಿಗಳು ಬಂದದ್ದು ನೇತ್ರಾವತಿಯಿಂದ. ಸಂಧ್ಯಾರಾಣಿ ಕೆಮಿಸ್ಟ್ರಿ ಪಾಠ ಹೇಳುವ ಪಿಯು ಕಾಲೇಜಿನಲ್ಲಿ ಅವಳು ಕನ್ನಡ ಹೇಳುತ್ತಿದ್ದಳು. ಅವಳ ಗಂಡ ಕೃಷ್ಣ ಜಗಳೂರು ಕಡೆಯ ಬಿಳಿಚೋಡಿನವನು. ಮಿಲಿಟರಿಯಲ್ಲಿದ್ದು, ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಒಂದು ವರ್ಷ ಲೆಬನಾನಿನ ಗಡಿ ಕಾದು ಬಂದಿದ್ದ. ಬರುವಾಗ ಮೂರು ಬಾಟಲಿ ತಂದಿದ್ದ. ಬಂದ ಮೇಲೆ ಡಾಕ್ಟರು ಅವನ ಲಿವರ್ ನೋಡಿ, ಇನ್ನು ಒಂದು ತೊಟ್ಟೂ ಕೂಡದು ಅಂದಿದ್ದರು.

"ಮನಿಯಾಗಿದ್ರೆ ಇವ್ರು ಬಿಡಾಕಿಲ್ಲ ಮೇಡಂ. ಚೆಲ್ಲಾಕೆ ನನಗೆ ಕೈ ಬರಂಗಿಲ್ಲ, ಅಷ್ಟು ದೂರದಿಂದ ಹೊತ್ಕಂಡು ಬಂದಾರೆ. ನಿಮ್ಮ ಲ್ಯಾಬಿಗೆ ಏನಾರ ಆಗ್ತಾವೇನು ನೋಡ್ರಿ," ಎಂದು ನೇತ್ರಾವತಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಿದ್ದಳು.

ಲ್ಯಾಬಿಗೆ ಎಂದೇ ಸಂಧ್ಯಾರಾಣಿ ಇಸಕೊಂಡದ್ದು. ಲ್ಯಾಬಿಗೆ ಒಯ್ಯಲಿಲ್ಲ. ಲ್ಯಾಬಿನಿಂದ ಒಂದು ಕೋನಿಕಲ್ ಫ್ಲಾಸ್ಕನ್ನೇ ಮನೆಗೆ ತಂದಳು. ಹೊಟ್ಟೆ ಅಗಲ, ಬಾಯಿ ಸಣ್ಣ. ವಾಸನೆ ಹಾರಿಹೋಗದೆ ಒಳಗೇ ನಿಲ್ಲುತ್ತದೆ ಎಂದು ಅವಳಿಗೆ ಯಾವ ವೀಡಿಯೊ ನೋಡದೆಯೂ ಗೊತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ, ಗಂಡ ಗುರುಬಸವರಾಜ್ ಅಡಿಕೆ ಮಂಡಿಗೆ ಹೋಗಿದ್ದಾಗ, ಬಿರಡೆಗೆ ಸ್ಕ್ರೂ ತಿರುಗಿಸಿ ಇಕ್ಕಳದಿಂದ ಎಳೆದಿದ್ದಳು.

ಮೊದಲ ಗುಟುಕನ್ನು ಉಗುಳಿದಳು. ಒಗರು. ಹಲ್ಲಿನ ಬುಡವೆಲ್ಲ ಬಿಗಿದುಕೊಂಡಿತು. ಎರಡನೆಯದನ್ನು ಉಗುಳಲಿಲ್ಲ. ಒಗರಿನ ಹಿಂದೆ ಏನೋ ಇತ್ತು. ದಾಳಿಂಬೆ. ದಾಳಿಂಬೆಯ ಕಾಳಲ್ಲ, ಕಾಳಿನ ನಡುವಿನ ಆ ಹಳದಿ ಪೊರೆ. ಮೂರನೆಯದರಲ್ಲಿ ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುವ ಸಿಹಿ. ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

ನಲವತ್ತಮೂರು ವರ್ಷದಲ್ಲಿ ಅವಳ ನಾಲಿಗೆಯನ್ನು ಯಾರೂ ಏನೂ ಕೇಳಿರಲಿಲ್ಲ. ಉಪ್ಪು ಸಾಕಾ, ಖಾರ ಆಯ್ತಾ ಎಂದು ಅವಳೇ ಎಲ್ಲರನ್ನೂ ಕೇಳುತ್ತಿದ್ದಳು.

ಎರಡನೆಯ ಬಾಟಲಿ ಕಪ್ಪು ಕೆಂಪು. ನೇರಳೆಹಣ್ಣು, ಆಮೇಲೆ ಕಾಳುಮೆಣಸು. ಮೂರನೆಯದು ಬೇರೆಯೇ. ಫ್ಲಾಸ್ಕನ್ನು ಓರೆ ಹಿಡಿದರೆ ಅಂಚು ಇಟ್ಟಿಗೆ ಬಣ್ಣ. ಕ್ಯಾಬರ್ನೆ, ಕಾರಿನ್ಯಾನ್, ಸಿನ್ಸೋ ಎಂದು ಮೂರು ದ್ರಾಕ್ಷಿಯ ಹೆಸರು ಲೇಬಲ್ಲಿನ ಹಿಂದೆ. ಅವನ್ನು ಹೇಗೆ ಉಚ್ಚರಿಸಬೇಕೆಂದು ಫೋನಿನಲ್ಲಿ ಕೇಳಿ ಕಲಿತಳು. ಪಾತ್ರೆ ತೊಳೆಯುವಾಗ ಮಂತ್ರದಂತೆ ಹೇಳಿಕೊಂಡಳು. ಅದರಲ್ಲಿ ಒಣ ಅಂಜೂರವಿತ್ತು. ಮದುವೆ ಸೀರೆ ಇಟ್ಟ ಟ್ರಂಕು ತೆಗೆದಾಗ ಬರುವ ವಾಸನೆಯಿತ್ತು. ಒಗರು ಇತ್ತು, ಆದರೆ ವಯಸ್ಸಾದ ಒಗರು. ಯಾರ ಮೇಲೂ ಸಿಟ್ಟಿಲ್ಲದ್ದು. ನುಂಗಿದ ಮೇಲೂ ಎಷ್ಟೋ ಹೊತ್ತು ಬಾಯಲ್ಲಿ ಉಳಿಯುತ್ತಿತ್ತು. ತಲೆ ತಿರುಗುವಷ್ಟು ಅವಳು ಯಾವತ್ತೂ ಕುಡಿಯಲಿಲ್ಲ. ಅದು ಬೇಕಿರಲೂ ಇಲ್ಲ.

ಯಾರಿಗಾದರೂ ಹೇಳಬೇಕೆನಿಸುತ್ತಿತ್ತು. ಗುರುಬಸವರಾಜ್ ಒಳ್ಳೆಯವನು. ಹೇಳಿದರೆ ಹೊಡೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಊಟ ಮಾಡುತ್ತಾ ಮಾಡುತ್ತಾ ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಆಮೇಲೆ ಮೂವತ್ತು ವರ್ಷ ಹಾಗೆಯೇ ನೋಡುತ್ತಿದ್ದ.

ತೆರೆದಿಟ್ಟ ವೈನಿಗೆ ಗಾಳಿ ತಾಕಿದರೆ ಹುಳಿಯಾಗುತ್ತದೆ. ಅದಕ್ಕೇ ಸಣ್ಣ ಬಾಟಲಿಗಳಿಗೆ ಕುತ್ತಿಗೆಯವರೆಗೆ ತುಂಬಿ ಬಿಗಿ ಮುಚ್ಚಳ ಹಾಕಿದಳು. ಮನೆಯಲ್ಲಿ ಬೇಕಾದಷ್ಟಿದ್ದದ್ದು ಅತ್ತೆಯ ದ್ರಾಕ್ಷಾಸವದ ಖಾಲಿ ಬಾಟಲಿಗಳು. ಕಂದು ಗಾಜು, ಬೆಳಕೂ ತಾಕುವುದಿಲ್ಲ. ಅತ್ತೆಯ ಔಷಧಿಯನ್ನು ಅವಳಲ್ಲದೆ ಇನ್ನಾರು ಮುಟ್ಟುತ್ತಾರೆ?

ಮೂರು ವಾರದ ಹಿಂದೆ ಅವಳು ಪರೀಕ್ಷೆಯ ಡ್ಯೂಟಿಗೆ ಹೊನ್ನಾಳಿಗೆ ಹೋಗಿ ಬಂದಾಗ ಗುರುಬಸವರಾಜ್ ಹೆಮ್ಮೆಯಿಂದ ಹೇಳಿದ್ದ: "ಅವ್ವಗೆ ನಾನೇ ಔಷಧಿ ಹಾಕ್ದೆ. ಒಂದು ರೊಟ್ಟಿ ಪೂರ್ತಿ ತಿಂದ್ಲು ನೋಡು."

ಅವಳು ಬ್ಯಾಗು ಇಳಿಸದೆ ಫ್ರಿಜ್ಜು ತೆರೆದಳು. ಕುತ್ತಿಗೆಯವರೆಗೆ ತುಂಬಿಟ್ಟಿದ್ದ ವೈನಿನ ಬಾಟಲಿಯಲ್ಲಿ ಎರಡು ಚಮಚ ಕಡಿಮೆಯಿತ್ತು.

ಒಳಗೆ ಕಲ್ಲಮ್ಮ ದಿಂಬಿಗೊರಗಿ ಕೂತಿದ್ದಳು. "ಈ ಸಲದ್ದು ಬ್ಯಾರೆ ಕಂಪನೀದೇನು? ಸಿಹಿ ಇಲ್ಲ, ಒಗರು ಐತೆ. ನಾಲಿಗೆ ಎದ್ದು ಕುಂತಂಗಾತು," ಅಂದಳು. ಜ್ವರದಿಂದ ಎದ್ದಂದಿನಿಂದ ಬಾಯಿಗೆ ಏನೂ ರುಚಿಯಿಲ್ಲ, ಎಲ್ಲಾ ಮಣ್ಣು ತಿಂದಂಗೆ ಎನ್ನುತ್ತಿದ್ದವಳು.

ಕಲ್ಲಮ್ಮ ಲಿಂಗಕ್ಕೆ ತೋರಿಸದೆ ಗುಟುಕು ನೀರನ್ನೂ ಕುಡಿದವಳಲ್ಲ. ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟು, ಬಲಗೈಯ ಚಮಚವನ್ನು ಅದರ ಮುಂದೆ ಹಿಡಿದು, ಕಣ್ಣು ಮುಚ್ಚಿ ತೆರೆದು, ಆಮೇಲೆ ಬಾಯಿಗೆ. ಎಪ್ಪತ್ತು ವರ್ಷದ ನೇಮ. ಅದೇ ನೇಮದಲ್ಲಿ ಇದೂ ಲಿಂಗದ ಮುಂದೆ ಹೋಗಿ ಪ್ರಸಾದವಾಗಿ ಬಂದಿತ್ತು.

ಹೆದರಿಕೆಯ ಜೊತೆ ಹೆದರಿಕೆಯಲ್ಲದ್ದು ಇನ್ನೊಂದೂ ಆಯಿತು. ಈ ಮನೆಯಲ್ಲಿ ಇನ್ನೊಂದು ನಾಲಿಗೆ ಇದೆ. ಅದಕ್ಕೂ ಗೊತ್ತಾಗಿದೆ.

ಹೇಳಬೇಕಿತ್ತು. ನಾಳೆ ಹೇಳೋಣ ಅಂದುಕೊಂಡಳು. ಮಾರನೆಯ ದಿನ ಅತ್ತೆ ಒಂದೂವರೆ ರೊಟ್ಟಿ ತಿಂದಳು. ನಿಜವಾದ ದ್ರಾಕ್ಷಾಸವದಲ್ಲೂ ಆಲ್ಕೋಹಾಲ್ ಇರುತ್ತದೆ, ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತದೆ ಎಂಬ ವಾದವನ್ನು ಅವಳು ಸಿದ್ಧ ಮಾಡಿಟ್ಟುಕೊಂಡಿದ್ದಳು. ಯಾರೂ ಕೇಳಲಿಲ್ಲವಾಗಿ ಅದು ಹಾಗೇ ಉಳಿಯಿತು. ದಿನಕ್ಕೆ ಎರಡು ಸಲ ಅತ್ತೆ ಲಿಂಗ ತೆಗೆಯುವಾಗ ಸಂಧ್ಯಾರಾಣಿ ಗೋಡೆಯ ಕ್ಯಾಲೆಂಡರು ಓದುತ್ತಿದ್ದಳು.

ಹನ್ನೆರಡಕ್ಕೆ ಬಾಟಲಿ ಹಿಡಿದು ಒಳಕೋಣೆಗೆ ಕಾಲಿಟ್ಟಾಗಲೇ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

"ಅಕ್ಕಾ, ಅದೀಯೋ ಹೋದ್ಯೋ?"

ಕಲ್ಲಮ್ಮನ ತಮ್ಮ ಪಂಚಾಕ್ಷರಪ್ಪ. ನ್ಯಾಮತಿ ಕಡೆಯ ಗೋವಿನಕೋವಿಯವನು. ಅರವತ್ತು ದಾಟಿದ ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ.

"ಹೋಗಿದ್ರೆ ನಿನಗೆ ಹೇಳಿ ಕಳಿಸ್ತಿದ್ರು ಬಿಡು. ಕುಂದ್ರು," ಎಂದಳು ಕಲ್ಲಮ್ಮ.

"ಹೊನ್ನಾಳಿಂದ ನಿಂತ್ಕಂಡೇ ಬಂದೆ ಅಕ್ಕಾ. ಈಗಿನ ಹುಡುಗ್ರು ಮುದುಕ್ರಿಗೆ ಒಂದು ಸೀಟು ಬಿಡಂಗಿಲ್ಲ."

"ಹಿಂದೆ ನೀ ಬಸ್ಸು ಹತ್ತಿದ್ರೆ ಮೂರು ಸೀಟು ಖಾಲಿ ಆಗ್ತಿದ್ವಲ್ಲೋ. ವಾಸನಿಗೆ."

ಪಂಚಾಕ್ಷರಪ್ಪ ನಕ್ಕ. ನಗುವಾಗ ಕೈ ತಾನಾಗಿ ಅಂಗಿಯ ಮೇಲಿಂದ ಎದೆಯ ಕರಡಿಗೆಯನ್ನು ಮುಟ್ಟಿಕೊಂಡಿತು. ಆ ಕಾಲದಲ್ಲಿ ಅವನು ಕುಡಿಯಲು ಹೋಗುವ ಮುಂಚೆ ಲಿಂಗವನ್ನು ಕೊರಳಿಂದ ತೆಗೆದು ಗೂಟಕ್ಕೆ ತೂಗುಹಾಕುತ್ತಿದ್ದನಂತೆ. ನೀನು ಮನೆ ಕಾಯಪ್ಪ, ನಾ ಹೋಗಿ ಬರ್ತೀನಿ ಎನ್ನುತ್ತಿದ್ದನಂತೆ. ಒಮ್ಮೆ ಮೂರು ದಿನ ಬರಲಿಲ್ಲ. ಗದ್ದೆಯ ಬದುವಿನಲ್ಲಿ ಸಿಕ್ಕಿದ್ದ. ಆರು ವರ್ಷದ ಹಿಂದೆ ಮಠದ ಅಜ್ಜರು ಅವನ ಕೊರಳಿಗೆ ಲಿಂಗ ಮತ್ತೆ ಕಟ್ಟಿ, ಇನ್ನು ಇದು ಗೂಟ ಕಾಣಬಾರದು ಎಂದು ಭಾಷೆ ತೆಗೆದುಕೊಂಡಿದ್ದರು. ಕಂಡಿರಲಿಲ್ಲ.

"ಆರು ವರ್ಷಾತು ಅಕ್ಕಾ. ಇನ್ನೂ ಆಡ್ಕೊಂತೀಯಲ್ಲ."

"ಆಡ್ಕಳಾಕೆ ಇರೋನು ನೀನೊಬ್ನೇ ಅಲ್ಲೇನೋ. ಎಷ್ಟು ಸೊರಗೀಯ. ಉಣ್ತೀಯೋ ಇಲ್ಲೋ? ಸಂಧ್ಯಾ, ಇವನಿಗೂ ಎರಡು ಚಮಚ ಹಾಕು."

ಸಂಧ್ಯಾರಾಣಿಯ ಕೈ ಮುಚ್ಚಳದ ಮೇಲೆ ನಿಂತಿತು.

"ಸ್ವಲ್ಪೇ ಐತೆ, ಅತ್ತೆ."

"ತೀರಿದ್ರೆ ಗುರು ಇನ್ನೊಂದು ತರ್ತಾನೆ. ಅಂಗಡಿಯಾಗೆ ಸಾಲಾಗಿ ಇಟ್ಟಿರ್ತಾರೆ."

"ಮಾವಗೆ ಬಿಪಿ ಐತಲ್ಲ. ಆಗುತ್ತೋ ಇಲ್ಲೋ."

"ದ್ರಾಕ್ಷಿ ರಸಕ್ಕೆ ಬಿಪಿ ಏನ್ ಮಾಡ್ತೈತೆ? ನೀ ಓದಿದ್ದು ಜಾಸ್ತಿ ಆತು ನೋಡು."

ಎರಡು ಚಮಚ ಅತ್ತೆಗೆ ಹಾಕಿದಳು. ಲಿಂಗ, ಚಮಚ, ಕಣ್ಣು ಮುಚ್ಚುವುದು, ತೆರೆಯುವುದು. ಕ್ಯಾಲೆಂಡರಿನಲ್ಲಿ ಏಕಾದಶಿ ಇತ್ತು. ಕಲ್ಲಮ್ಮ ತುಟಿ ಸವರಿಕೊಂಡು ಕೈ ಚಾಚಿದಳು. ಬಾಟಲಿಯನ್ನು ಸೊಸೆಯ ಕೈಯಿಂದ ತಾನೇ ತೆಗೆದುಕೊಂಡಳು. ನಡುಗುವ ಕೈಯಲ್ಲಿ ಒಂದು ತೊಟ್ಟೂ ಚೆಲ್ಲದೆ ಚಮಚ ತುಂಬಿದಳು. "ತಗ," ಅಂದಳು.

ಈಗ ಹೇಳಬಹುದಿತ್ತು. ಚಮಚಕ್ಕೂ ಅವನ ಬಾಯಿಗೂ ನಡುವೆ ಒಂದು ಮೊಳ ಜಾಗವಿತ್ತು. ಪಂಚಾಕ್ಷರಪ್ಪ ಗುಂಡಿ ಬಿಚ್ಚಿ ಲಿಂಗ ತೆಗೆದ. ಅಂಗೈ ಮೇಲಿಟ್ಟು, ಚಮಚ ತೋರಿಸಿ, ಭಕ್ತಿಯಿಂದ ಬಾಯಿಗೆ ಸುರಿದುಕೊಂಡ.

ನುಂಗಲಿಲ್ಲ.

ಗಂಟಲಮಣಿ ಅಲ್ಲಾಡಲಿಲ್ಲ. ಕಣ್ಣು ಸಂಧ್ಯಾರಾಣಿಯ ಕಡೆ ತಿರುಗಿತು. ಬೀದಿಯಲ್ಲಿ ಯಾರೋ ಈರುಳ್ಳಿ ಕೂಗಿಕೊಂಡು ಹೋದರು. ಕೂಗು ಮೂಲೆ ದಾಟಿದ ಮೇಲೆ ನುಂಗಿದ.

"ಹೆಂಗೈತೆ?" ಕಲ್ಲಮ್ಮ ಕೇಳಿದಳು.

"ಚಲೋ ಐತೆ."

"ಒಗರು ಐತಲ್ಲ?"

"ಐತೆ." ಲಿಂಗವನ್ನು ಕರಡಿಗೆಗೆ ಹಾಕಲು ಅವನಿಗೆ ಎರಡು ಸಲ ತಪ್ಪಿತು. "ಯಾವ ಅಂಗಡೀದು ಸಂಧ್ಯಾ?"

"ಬಸ್‌ಸ್ಟ್ಯಾಂಡ್ ಹತ್ರದ್ದು, ಮಾವ."

"ಬಸ್‌ಸ್ಟ್ಯಾಂಡಿನ ಅಂಗಡಿ ಎಲ್ಲಾ ನನಗೆ ಗೊತ್ತು ಬಿಡು," ಎಂದ ಪಂಚಾಕ್ಷರಪ್ಪ. ಕಲ್ಲಮ್ಮ ನಕ್ಕಳು. ಇನ್ನೊಂದು ಚಮಚ ಅಂದಾಗ, ಬೇಡ ಅಕ್ಕಾ ಎಂದು ಎದ್ದುಹೋಗಿ ಹಿತ್ತಲಲ್ಲಿ ಬಹಳ ಹೊತ್ತು ಮುಖ ತೊಳೆದ.

ಊಟಕ್ಕೆ ಕೂತರು. ಕಲ್ಲಮ್ಮ ಒಂದೂವರೆ ರೊಟ್ಟಿ, ಹೆಸರುಕಾಳು ಪಲ್ಯ ತಿಂದಳು. ಪಂಚಾಕ್ಷರಪ್ಪ ಒಂದು ರೊಟ್ಟಿಯನ್ನು ಹರಿದು ಹರಿದು ಅನ್ನದಷ್ಟು ಸಣ್ಣ ಮಾಡಿ ಬಿಟ್ಟ. ಸಂಧ್ಯಾರಾಣಿ ಬಡಿಸುತ್ತಿದ್ದಳು. ಒಳಗೊಳಗೇ ಎಣಿಕೆ ನಡೆದಿತ್ತು. ಇನ್ನು ನಾಲ್ಕು. ಸಂಜೆಗೆ ಎರಡು. ತನಗೆ ಎರಡು.

ಮೂರಕ್ಕೆ ಕಲ್ಲಮ್ಮನ ಗೊರಕೆ ಕೇಳಿಸಿತು. ಪಡಸಾಲೆಯಲ್ಲಿ ಮಾವನಿಗೆ ಚಾಪೆ ಹಾಸಿಕೊಟ್ಟು, ಸಂಧ್ಯಾರಾಣಿ ಹಿತ್ತಲಲ್ಲಿ ಪಾತ್ರೆಗೆ ಕೂತಿದ್ದಳು. ಇನ್ನೆರಡು ತಪ್ಪಲೆ ಉಜ್ಜಿದರೆ ಮುಗಿಯಿತು. ಆಮೇಲೆ ಫ್ಲಾಸ್ಕು, ನೆಲ, ಹತ್ತು ನಿಮಿಷ.

ಫ್ರಿಜ್ಜಿನ ಬಾಗಿಲು ತೆರೆದ ಸದ್ದಾಯಿತು.

ಬೂದಿ ಕೈಯಲ್ಲೇ ಒಳಗೆ ಬಂದಳು. ಪಂಚಾಕ್ಷರಪ್ಪ ತೆರೆದ ಫ್ರಿಜ್ಜಿನ ಮುಂದೆ ನಿಂತಿದ್ದ. ಕೈಯಲ್ಲಿ ಬಾಟಲಿ. ಮುಚ್ಚಳ ತೆಗೆದಿರಲಿಲ್ಲ.

"ನೀರು ಬೇಕಿತ್ತೇನು ಮಾವ?"

"ಇಲ್ಲ."

ಫ್ರಿಜ್ಜು ಗುಯ್‌ಗುಟ್ಟಲು ಶುರುವಾಯಿತು.

"ಇದು ಔಷಧೀನೇ ಅಲ್ಲೇನು ಸಂಧ್ಯಾ?"

"ಬಾಟ್ಲಿ ಮೇಲೆ ಬರ್ದೈತಲ್ಲ."

"ಅದು ನನಗೂ ಓದಾಕೆ ಬರ್ತೈತೆ. ನೀ ಹೇಳು. ಓದಿದಾಕಿ ನೀನು, ಮಕ್ಕಳಿಗೆ ಪಾಠ ಹೇಳಾಕಿ. ನೀ ಔಷಧಿ ಅಂದ್ರೆ ಔಷಧಿ. ಅಲ್ಲ ಅಂದ್ರೆ ಅಲ್ಲ. ಅಲ್ಲೇ ಇಟ್ಟು ಹೋಗಿ ಮಲಗ್ತೀನಿ."

ಅವನ ಧ್ವನಿಯಲ್ಲಿ ಬೇಡಿಕೆ ಇತ್ತು. ಯಾವುದನ್ನು ಬೇಡುತ್ತಿದ್ದಾನೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯಿತು. ಅಲ್ಲ ಅನ್ನು ಎಂದೇ ಕಣ್ಣು ಹೇಳುತ್ತಿತ್ತು. ಬೆರಳುಗಳು ಮಾತ್ರ ಮುಚ್ಚಳವನ್ನು ಹಿಡಿದಿದ್ದವು. ಅಲ್ಲ ಮಾವ. ಎರಡೇ ಮಾತು. ಆಮೇಲೆ ಇನ್ನೊಂದಷ್ಟು ಮಾತು ಬೇಕಾಗುತ್ತದೆ. ಮತ್ತೇನದು, ಯಾಕಿಲ್ಲಿದೆ, ಯಾರದು. ಅಕ್ಕನಿಗೆ ಏನು ಕುಡಿಸಿದೆ. ಲಿಂಗಕ್ಕೆ ಏನು ತೋರಿಸಿದೆ. ಸಂಜೆಯ ಊಟದ ಹೊತ್ತಿಗೆ ಗುರುಬಸವರಾಜ್ ಕೈ ನಿಲ್ಲಿಸಿ ನೋಡುತ್ತಾನೆ.

"ಔಷಧಿ, ಮಾವ," ಅಂದಳು.

ಪಂಚಾಕ್ಷರಪ್ಪ ತಲೆಯಾಡಿಸಿದ. ಮುಚ್ಚಳ ತಿರುಗಿಸಿದ. ಈ ಸಲ ಚಮಚ ಕೇಳಲಿಲ್ಲ, ಗುಂಡಿ ಬಿಚ್ಚಲಿಲ್ಲ. ದೇವರಮನೆಯ ಬಾಗಿಲಿಗೆ ಬೆನ್ನು ಮಾಡಿ ಬಾಟಲಿಯನ್ನು ಎತ್ತಿ ಬಾಯಿಗಿಟ್ಟ. ಒಂದೇ ಗುಟುಕು.

ಅವಳಿಗೆ ಆಗ ಬಂದದ್ದು ಅಯ್ಯೋ ಎಂಬ ಭಾವವಲ್ಲ. ಸಿಟ್ಟು. ನಾಲಿಗೆಯ ಮೇಲೆ ಒಂದು ಕ್ಷಣವೂ ನಿಲ್ಲಿಸಲಿಲ್ಲವಲ್ಲ ಈ ಮನುಷ್ಯ! ಹದಿನೈದು ವರ್ಷ ಕತ್ತಲಲ್ಲಿ ಕಾದು ಬಂದದ್ದನ್ನು ಚರಂಡಿಗೆ ಸುರಿದಂತೆ ಸುರಿದುಬಿಟ್ಟನಲ್ಲ. ಇದು ಹೊಳೆದ ಮೇಲೆ ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು. ಆರು ವರ್ಷ ಕಟ್ಟಿಕೊಂಡದ್ದು ಕಣ್ಣೆದುರು ಕುಸಿಯುವಾಗ ಅವಳು ನಾಲ್ಕು ಚಮಚಕ್ಕೆ ಮರುಗುತ್ತಿದ್ದಳು.

ಅವನು ಬಾಟಲಿಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. ಕಣ್ಣಲ್ಲಿ ನೀರಿತ್ತು.

"ನಾಕಕ್ಕೆ ಬಸ್ಸೈತೆ. ಹೊರಡ್ತೀನಿ. ಅಕ್ಕ ಎದ್ರೆ ಹೇಳು."

"ಚಾ ಕುಡ್ದು ಹೋಗ್ರಿ ಮಾವ."

"ಬ್ಯಾಡ." ಚಪ್ಪಲಿ ಹಾಕಿಕೊಳ್ಳುತ್ತಾ ಅಂದ, "ನಿನ್ನ ಕೈ ಚಲೋ ಐತೆ ತಾಯಿ."

ಗೇಟಿನಲ್ಲಿ ನಿಂತು ನೋಡಿದಳು. ಬಸ್‌ಸ್ಟ್ಯಾಂಡಿಗೆ ಎಡಕ್ಕೆ ತಿರುಗಬೇಕು. ಬಲಕ್ಕೆ ತಿರುಗಿದರೆ ಮೂರು ಅಂಗಡಿ ದಾಟಿ ಹಸಿರು ಬಣ್ಣದ ಶಟರಿನ ಬ್ರಾಂದಿ ಅಂಗಡಿ. ಅವನು ಕೂಡುರಸ್ತೆಯಲ್ಲಿ ನಿಂತ. ಬೀಡಿ ಹುಡುಕುವವನಂತೆ ಜೇಬು ತಡಕಿದ. ಅಡಿಕೆ ಚೀಲ ಹೇರಿದ ಟೆಂಪೊ ಒಂದು ನಡುವೆ ಬಂತು; ದಾಟಿಹೋದಾಗ ಅವನಿರಲಿಲ್ಲ.

ಓಡಿಹೋಗಬಹುದಿತ್ತು. ಆದರೆ ನಲ್ಲಿಯಲ್ಲಿ ನೀರು ಬಂದಿತ್ತು. ಎರಡು ದಿನಕ್ಕೊಮ್ಮೆ ಬರುವ ನೀರು. ಅವಳು ಕೊಡಗಳನ್ನು ಸಾಲಾಗಿ ಇಟ್ಟಳು, ತುಂಬಿದಳು, ಹೊತ್ತಳು, ಸುರಿದಳು. ಮಧ್ಯೆ ಗಂಡನಿಗೆ ಫೋನು ಮಾಡಿ, ಬರುವಾಗ ಒಂದು ದ್ರಾಕ್ಷಾಸವ ತರಲು ಹೇಳಿದಳು. ಮಾವನ ವಿಷಯ ಹೇಳಲಿಲ್ಲ.

ಏಳಕ್ಕೆ ಗುರುಬಸವರಾಜ್ ಬಂದ. ಬರಿಗೈ.

"ಅಯ್ಯೋ, ಮರ್ತೆ ನೋಡು. ನಾಳೆ ತಂದ್ರಾತು."

"ಸಂಧ್ಯಾ, ಔಷಧಿ," ಒಳಗಿನಿಂದ ಕಲ್ಲಮ್ಮ.

ಅವಳು ಖಾಲಿ ಬಾಟಲಿಗೆ ಕಾಲು ಲೋಟ ನೀರು ಹಾಕಿ ಕುಲುಕಿದಳು. ಕುಂಕುಮದ ಕೈ ತೊಳೆದ ನೀರಿನಷ್ಟೂ ಬಣ್ಣ ಬರಲಿಲ್ಲ. ಒಯ್ದಳು. ಕಲ್ಲಮ್ಮ ಆಗಲೇ ಲಿಂಗ ತೆಗೆದು ಅಂಗೈ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಸಂಧ್ಯಾರಾಣಿ ಈ ಸಲ ಕ್ಯಾಲೆಂಡರು ನೋಡಲಿಲ್ಲ. ಅತ್ತೆಯ ಬಾಯನ್ನೇ ನೋಡಿದಳು.

ಮುಖ ಸಿಂಡರಿಸಲಿ. ಉಗುಳಲಿ. ಇದೇನು ಮುಸುರೆ ನೀರು ಕೊಟ್ಟೆ ಎಂದು ಮನೆತನ ಎತ್ತಿ ಬಯ್ಯಲಿ. ಎಲ್ಲ ಹೇಳಿಬಿಡುತ್ತೇನೆ. ಒಣ ಅಂಜೂರ, ಟ್ರಂಕು, ಇಟ್ಟಿಗೆಯ ಅಂಚು. ನಿಮಗೂ ಹಾಗೇ ಅನ್ನಿಸಿತ್ತಲ್ಲ ಅತ್ತೆ ಎಂದು ಕೇಳುತ್ತೇನೆ.

ಕಲ್ಲಮ್ಮ ಎರಡು ಚಮಚ ಕುಡಿದು ತುಟಿ ಸವರಿಕೊಂಡಳು.

"ಹಾಂ. ನಾಲಿಗೆ ಎದ್ದು ಕುಂತಂಗಾತು."

"ಒಗರು ಐತೇನು, ಅತ್ತೆ?"

"ಐತೆ, ಐತೆ. ಮಧ್ಯಾಹ್ನಕ್ಕಿಂತ ಭಾಳ ಐತೆ." ಆಮೇಲೆ ಸೊಸೆಯ ಮುಖ ನೋಡಿ, ಕೆನ್ನೆ ಮೇಲೆ ಅಂಟಿದ ಬೂದಿಯನ್ನು ಹೆಬ್ಬೆರಳಿನಿಂದ ಒರೆಸಿದಳು. "ಊಟಕ್ಕೆ ಕೊಡು ಮತ್ತೆ."

ಅವಳು ನಿಜವಾಗಿಯೇ ಹೇಳಿದಳೋ, ಮಗುವಿಗೆ ಹೇಳಿದಂತೆ ಹೇಳಿದಳೋ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ.

ತಟ್ಟೆ ಕೊಟ್ಟು ಅಡುಗೆಮನೆಗೆ ಬಂದಳು. ಬಾಟಲಿಯ ತಳದಲ್ಲಿ ತೊಳೆದ ನೀರು ಇನ್ನೂ ಉಳಿದಿತ್ತು. ಎತ್ತಿ ಎಲ್ಲವನ್ನೂ ಬಾಯಿಗೆ ಸುರಿದುಕೊಂಡಳು. ನಾಲಿಗೆಯ ಮೇಲೆ, ಕೆಳಗೆ, ಹಲ್ಲಿನ ಸಂದಿಗೆ, ಕೆನ್ನೆಯ ಒಳಗೆ ತಿರುಗಿಸಿದಳು. ನೀರು. ಮತ್ತೆ ತಿರುಗಿಸಿದಳು.

ಪಡಸಾಲೆಯಿಂದ ಗುರುಬಸವರಾಜ್ ಕೂಗಿದ.

"ಸಂಧ್ಯಾ, ಮಾವ ಬಂದಿದ್ನಂತಲ್ಲ? ಗೋವಿನಕೋವಿಯಿಂದ ಫೋನು ಬಂದೈತೆ. ಇನ್ನೂ ಊರು ಮುಟ್ಟಿಲ್ಲಂತೆ. ಎಷ್ಟೊತ್ತಿಗೆ ಹೊಂಟ? ಯಾವ ಬಸ್ಸಿಗೆ?"

ಹೇಳಬೇಕೆಂದರೆ ನುಂಗಬೇಕು, ಇಲ್ಲ ಉಗುಳಬೇಕು.

"ಏನೇ, ಕೇಳಿಸ್ತೇನು?"

ಬೋರಲು ಹಾಕಿದ್ದ ಸ್ಟೀಲಿನ ಕೊಡದ ಮೈಮೇಲೆ ಕೆನ್ನೆ ಉಬ್ಬಿಸಿಕೊಂಡ ಒಬ್ಬ ಹೆಂಗಸು, ತುಟಿ ಬಿಗಿದು, ಅಗಲವಾಗಿ, ಡೊಂಕಾಗಿ ನಿಂತಿದ್ದಳು. ಹೆಜ್ಜೆ ಸದ್ದು ಅಡುಗೆಮನೆಯ ಕಡೆ ಬರುತ್ತಿತ್ತು. ಬಾಯಲ್ಲಿ ನೀರು ನಿಧಾನಕ್ಕೆ ಬೆಚ್ಚಗಾಗುತ್ತಿತ್ತು.